ಆರುನೂರು ರೊಟ್ಟಿ, ಒಂದು ಮೌನ

ಮೈಸೂರು
ಜೂನ್ 4, 2025

ಚಿ. ಸೌ. ದಾನೇಶ್ವರಿಗೆ,

ಈ ಮೂಲಕ ಸಕಲ ಜನರಿಗೂ, ವಿಶೇಷವಾಗಿ ಆಂಟಾಪ್ ಹಿಲ್ ನಿವಾಸಿಗಳಿಗೂ, ಸಂತೋಷಪೂರ್ವಕ ಪ್ರಕಟಪಡಿಸುವುದೇನೆಂದರೆ: ಮೇ ಇಪ್ಪತ್ನಾಲ್ಕರಂದು ನಾವು ಮುಂಬಯಿ ಬಿಟ್ಟು ಹೊರಟಾಗ ದಾದರ್ ಸ್ಟೇಷನ್ನಿನಲ್ಲಿ ನೀನು ನಮ್ಮ ಕೈಗಿತ್ತ ಸ್ಟೀಲ್ ಡಬ್ಬಿಯ ಮುಚ್ಚಳವು ಇಂದು ಬುಧವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಹನ್ನೊಂದು ದಿನಗಳ ಹೋರಾಟದ ನಂತರ ತೆರೆದಿದೆ.

ನಿನ್ನ ಗಂಡ ಈಶ್ವರ ಪ್ಲಾಟ್‌ಫಾರ್ಮಿನ ಮೇಲೆ ಆ ಮುಚ್ಚಳಕ್ಕೆ ಒಂದು ಗುದ್ದು ಕೊಟ್ಟಾಗಲೇ ನನಗೆ ಅನುಮಾನ ಬಂದಿತ್ತು. ದಿನವಿಡೀ ಕಟ್ಟಡಗಳಲ್ಲಿ ಸೆಂಟ್ರಿಂಗ್ ಹಲಗೆ ಬಡಿಯುವ ಕೈ ಅದು. ನಾನು ಎಳೆದೆ, ತಿರುಗಿಸಿದೆ, ಬಿಸಿನೀರಿನಲ್ಲಿ ಮುಳುಗಿಸಿದೆ, ಒಮ್ಮೆ ಬೈದೂ ನೋಡಿದೆ. ಕೊನೆಗೆ ನನ್ನ ಧರ್ಮಪತ್ನಿ ಕೌಸಲ್ಯಾ ಬಂದು ಸೌಟಿನ ಹಿಡಿಯಿಂದ ಅಂಚಿನ ಸುತ್ತ ನಾಲ್ಕು ಸಲ ಮೆಲ್ಲಗೆ ತಟ್ಟಿದಳು. ಬಂತು. ಒಳಗಿನ ಕಡಕ್ ರೊಟ್ಟಿ ಹನ್ನೊಂದು ದಿನವಾದರೂ ನಿನ್ನೆ ಬಡಿದಂತಿತ್ತು. ಮುರಿದರೆ ಹಪ್ಪಳದ ಸದ್ದು. ನಾವಿಬ್ಬರೂ ನಿಂತುಕೊಂಡೇ ಆರು ತಿಂದೆವು.

ಇನ್ನು, ರೈಲು ಹೊರಡುವಾಗ ನೀನು ಕಿಟಕಿಯಲ್ಲಿ ಕೂಗಿ ಹೇಳಿದ ವಿಷಯ. ಕೌಸಲ್ಯಾ ಅದನ್ನು ನನಗೆ ಕಲ್ಯಾಣದವರೆಗೂ ಬಿಡಿಸಿ ಬಿಡಿಸಿ ಹೇಳಿದಳು. ಪರೇಲಿನ ಕ್ಯಾಂಟೀನ್ ಕಂಪನಿಯವರು ನಿನ್ನಿಂದ ದಿನಕ್ಕೆ ಆರುನೂರು ಜೋಳದ ರೊಟ್ಟಿ ತೆಗೆದುಕೊಳ್ಳುವ ಮಾತಾಡುತ್ತಿದ್ದಾರಂತೆ. ನಮ್ಮ ಬಿಲ್ಡಿಂಗಿಗೆ ಪ್ರತಿ ಗುರುವಾರ ಇಪ್ಪತ್ತು ರೊಟ್ಟಿ ತರುತ್ತಿದ್ದವಳಿಗೆ ಆರುನೂರು! ಪರೇಲಿನಲ್ಲೇ ಔಷಧ ಕಂಪನಿಯ ಖರೀದಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಮಾರಲು ಬಂದವರನ್ನೆಲ್ಲ ಬೆವರಿಳಿಸಿ ಕಳಿಸಿದವನು ನಾನು. ಈಗ ಮಾರುವವರ ಪಕ್ಷ ಸೇರುತ್ತಿದ್ದೇನೆ. ಶತ್ರುಪಾಳಯದ ಗುಟ್ಟುಗಳನ್ನು ಕೇಳಿಕೋ.

ದರವನ್ನು ನೀನು ಮೊದಲು ಹೇಳಬೇಡ. ಹೇಳಲೇಬೇಕಾದರೆ ರೊಟ್ಟಿಗೆ ಹದಿನಾಲ್ಕು ರೂಪಾಯಿ ಅನ್ನಬೇಡ, ಹದಿಮೂರೂವರೆ ಅನ್ನು. ಪೂರ್ಣ ಸಂಖ್ಯೆ ಕಂಡರೆ ಖರೀದಿದಾರನಿಗೆ ಕತ್ತರಿಸುವ ಆಸೆ ಬರುತ್ತದೆ. ಅರ್ಧ ಕಂಡರೆ, ಪಾಪ, ಲೆಕ್ಕ ಹಾಕಿಯೇ ಬಂದಿದ್ದಾಳೆ ಅನ್ನಿಸುತ್ತದೆ. ಯಾವ ದರಕ್ಕಿಂತ ಕೆಳಗಿಳಿದರೆ ಎದ್ದು ಬರುತ್ತೀಯೋ ಅದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೋ. ಅದನ್ನು ನನಗೂ ತೋರಿಸಬೇಡ. ನಿನಗೇನಾದರೂ ಅವಸರವಿದ್ದರೆ, ಮನೆಗೆ ಬೆಂಕಿ ಬಿದ್ದಿದ್ದರೂ ಸರಿ, ಅವರ ಮುಂದೆ ಬಾಯಿ ಬಿಡಬೇಡ.

ಎಲ್ಲಕ್ಕೂ ಮಿಗಿಲಾದದ್ದು ಮೌನ. ಭಿವಂಡಿಯ ರಟ್ಟಿನ ಪೆಟ್ಟಿಗೆಯ ನೀಲಕಂಠಪ್ಪನವರು 1998ರಲ್ಲಿ ನನ್ನೆದುರು ಕೂತು ಪೆಟ್ಟಿಗೆಗೆ ಏಳು ರೂಪಾಯಿ ಅಂದರು. ನಾನು ಮಾತಾಡಲಿಲ್ಲ, ಮೇಲೆ ತಿರುಗುವ ಫ್ಯಾನ್ ನೋಡಿದೆ. ಆರೂವರೆ ಅಂದರು. ಫ್ಯಾನ್ ನೋಡಿದೆ. ಆರು ಅಂದರು, ಕಣ್ಣಲ್ಲಿ ನೀರಿತ್ತು. ಅಂದಿನಿಂದ ಮಾರ್ಕೆಟ್ಟಿನಲ್ಲಿ ನನಗೆ ಮೌನಿ ಸಾಹೇಬ ಎಂದೇ ಹೆಸರು. ದರ ಹೇಳಿದ ಮೇಲೆ ಬಾಯಿ ಮುಚ್ಚು. ಮೊದಲು ಬಾಯಿ ತೆರೆದವರು ಸೋತರು.

ಫೋನ್ ಮಾತ್ರ ಮಾಡಬೇಡ. ವ್ಯವಹಾರದ ಮಾತು ಫೋನಿನಲ್ಲಿ ಗಾಳಿಗೆ ಹೋಗುತ್ತದೆ. ಕಾಗದ ಬರೆ.

ಆಶೀರ್ವಾದಗಳೊಡನೆ,
ರಾಮಸ್ವಾಮಿ


ಆಂಟಾಪ್ ಹಿಲ್
ಜೂನ್ 13, 2025

ರಾಮಸ್ವಾಮಿ ಸರ್ ಅವರಿಗೆ ದಾನೇಶ್ವರಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಮುಟ್ಟಿತು. ಮುಚ್ಚಳದ ಸುದ್ದಿ ಕೇಳಿ ನಮ್ಮವರಿಗೆ ನಾಚಿಕೆಯಾಗಿದೆ. "ಇನ್ನೊಮ್ಮೆ ಮೆತ್ತಗ ಗುದ್ದತೀನಿ ಅಂತ ಬರಿ" ಅಂದರು. ಅಂದರೆ ಗುದ್ದುವುದಂತೂ ಬಿಡುವುದಿಲ್ಲ.

ಬುಧವಾರ ಪರೇಲಿಗೆ ಹೋಗಿದ್ದೆ. ಮೊದಲು ಮಿಲ್ ಇದ್ದ ಜಾಗದಲ್ಲಿ ಗಾಜಿನ ಬಿಲ್ಡಿಂಗು, ಹನ್ನೊಂದನೇ ಮಹಡಿ. ನನ್ನ ಸಂಗಡ ಮಾತಾಡಲು ಬಂದಾಕೆ ನಿಖಿತಾ ಅಂತ, ಮೂವತ್ತರೊಳಗಿನ ಹುಡುಗಿ. ಅವಳ ತಂದೆತಾಯಿ ಬೆಂಗಳೂರು ಕಡೆಯವರಂತೆ, ಹುಟ್ಟಿದ್ದು ಇಲ್ಲೇ. "ನನಗೆ ಕನ್ನಡ ಥೋಡಾ ಥೋಡಾ ಬರತ್ತೆ, ಚಲೇಗಾ?" ಅಂದಳು. ನಡೀತದ ಅಂತ ನಾನೂ "ಚಲೇಗಾ" ಅಂದೆ. ಇಷ್ಟೇ ನಾವಿಬ್ಬರೂ ಬೇಗ ಒಪ್ಪಿದ ಮಾತು.

"ನಿಮ್ಮ ರೇಟು ಹೇಳಿ" ಅಂದಳು. "ನೀವ ಹೇಳ್ರಿ" ಅಂದೆ. "ಇಲ್ಲ ಇಲ್ಲ, ನೀವು." "ಅಯ್ಯ, ನೀವ ದೊಡ್ಡವ್ರು." ಇದೇ ಹದಿನೈದು ನಿಮಿಷ ನಡೀತು. ಕೊನೆಗೆ ಅವಳೇ ಒಂಬತ್ತು ಅಂದಳು. ನಾನು ಹದಿಮೂರೂವರೆ ಅಂದು ಬಾಯಿ ಮುಚ್ಚಿದೆ. ಅವಳೂ ಮುಚ್ಚಿದಳು! ಪೆನ್ಸಿಲ್ ಕಿವಿ ಮೇಲೆ ಸಿಗಿಸಿಕೊಂಡು ಮೇಲೆ ನೋಡುತ್ತ ಕುಂತಳು. ಆ ಆಫೀಸಿನಲ್ಲಿ ಫ್ಯಾನೇ ಇಲ್ಲ ಸರ್, ಬರೀ ಎಸಿ. ಆದರೂ ಮೇಲೆ ನೋಡುತ್ತಿದ್ದಳು. ನಿಮ್ಮ ಹಂಗೇ ಒಬ್ಬಾಕಿ ಸಿಕ್ಕಾಳಲ್ಲ ಅಂತ ನಗು ಬಂತು.

ದರಕ್ಕಿಂತ ಕಷ್ಟದ್ದು ಅವರ ಇನ್ನೊಂದು ಷರತ್ತು. ಮಾರಾಟ ಆಗದೆ ಉಳಿದ ರೊಟ್ಟಿ ಸಂಜೆ ವಾಪಸ್ ಕೊಟ್ಟು, ಅಷ್ಟು ದುಡ್ಡು ಹಿಡಿಯುತ್ತಾರಂತೆ. ಮುಂಜಾನೆ ಹೋದ ಮೆತ್ತನೆ ರೊಟ್ಟಿ ಸಂಜೆಗೆ ಬಂದರೆ ನಾನೇನು ಮಾಡಲಿ? ಚಪ್ಪಲಿಗೆ ಅಟ್ಟೆ ಅಂತ ಹಚ್ಚಿಕೊಳ್ಳಬೇಕು.

ನನ್ನ ಅವಸರ ನಿಮಗೆ ಹೇಳುತ್ತೇನೆ, ಅವಳಿಗೆ ಹೇಳಿಲ್ಲ. ರೊಟ್ಟಿ ಬಡಿಯಲು ನಮ್ಮ ಮನೆ ಪಕ್ಕದ ಬಾಜೂ ಖೋಲಿ ಬಾಡಿಗೆಗೆ ಕೇಳಿದ್ದೇನೆ, ಅದರ ಮಾಲೀಕ ಮನೀಶ್‌ಭಾಯಿ ಆಗಸ್ಟ್ ಹದಿನೈದರವರೆಗೆ ಮಾತ್ರ ಕಾಯುತ್ತಾರೆ. ಆಮೇಲೆ ಅದು ಕೊರಿಯರ್‌ನವರ ಗೋದಾಮು. ಆ ಖೋಲಿ ಇಲ್ಲದೆ ಆರುನೂರು ರೊಟ್ಟಿ ಆಗುವುದಿಲ್ಲ. ಒಪ್ಪಂದ ಇಲ್ಲದೆ ಆ ಖೋಲಿಯ ಬಾಡಿಗೆ ಕಟ್ಟಲಾಗುವುದಿಲ್ಲ. ನಮ್ಮ ಓಣಿಯ ರಂಜನಾ ಮತ್ತು ಇನ್ನೂ ಮೂವರಿಗೆ, ಮಂದಿಮನೆ ಭಾಂಡೆ ತಿಕ್ಕುವುದು ಬಿಡ್ರಿ, ನನ್ನ ಕೂಡ ಬರ್ರಿ ಅಂತ ಹೇಳಿಬಿಟ್ಟಿದ್ದೇನೆ. ಅವರು ಬಿಟ್ಟೂ ಬಿಟ್ಟರು. ಎಡವಟ್ಟಾದರೆ ಅವರಿಗೆ ಮುಖ ಹೆಂಗ ತೋರಿಸಲಿ?

ಮುಂದಿನ ಮೀಟಿಂಗಿಗೆ ಯಾವ ತಂತ್ರ, ಬೇಗ ಬರೆಯಿರಿ.

ನಿಮ್ಮ
ದಾನೇಶ್ವರಿ


ಮೈಸೂರು
ಜೂನ್ 21, 2025

ಚಿ. ಸೌ. ದಾನೇಶ್ವರಿಗೆ,

ಇಲ್ಲಿ ಮಳೆ ಬರುತ್ತದೆ ಅನ್ನುವುದಕ್ಕಿಂತ ಬಂದು ಹೋಗುತ್ತದೆ ಅನ್ನಬಹುದು. ಮುಂಬಯಿ ಮಳೆಯ ಹಾಗೆ ಊರನ್ನೇ ಮುತ್ತಿಗೆ ಹಾಕುವ ಜಾತಿಯದಲ್ಲ. ಕೌಸಲ್ಯಾ ಇಷ್ಟು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ಏಪ್ರಿಲ್ಲಿನಲ್ಲಿ ನಿವೃತ್ತಳಾದಳಲ್ಲ, ಈಗ ಆ ಕೆಲಸವನ್ನು ನನ್ನ ಮೇಲೆ ಮುಂದುವರಿಸಿದ್ದಾಳೆ. ಇಂದಿನ ಪಾಠ: ಬೆಂಡೆಕಾಯಿ ಆರಿಸುವುದು. ತುದಿ ಮುರಿದು ನೋಡಬೇಕು, ಟಕ್ಕೆಂದರೆ ಎಳೆಯದು, ಬಾಗಿದರೆ ಬಲಿತದ್ದು. ನಾನು ಒಂದು ಕಿಲೋ ತುದಿ ಮುರಿದೆ. ಅಂಗಡಿಯವನು ಅಷ್ಟನ್ನೂ ನನಗೇ ಕೊಟ್ಟ.

ನೀನು ಕೇಳಿದ ವಿಷಯದಲ್ಲಿ ನನ್ನ ಲೇಖನಿ ರಜೆಯ ಮೇಲಿದೆ. ಕಾರಣ ಕೇಳಬೇಡ. ನಿನ್ನ ಬುದ್ಧಿ ನಿನಗೆ ಸಾಕು.

ನಿನ್ನ ಅತ್ತೆ ಹನುಮವ್ವನವರ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚುತ್ತಿದ್ದಾರೋ, ಅಥವಾ ಎಣ್ಣೆಯನ್ನೂ ಬಾಟಲಿಯಲ್ಲೇ ಜೋಪಾನ ಮಾಡಿದ್ದಾರೋ?

ಆಶೀರ್ವಾದಗಳೊಡನೆ,
ರಾಮಸ್ವಾಮಿ


ಆಂಟಾಪ್ ಹಿಲ್
ಜೂನ್ 30, 2025

ಮಾನ್ಯ ರಾಮಸ್ವಾಮಿಯವರಿಗೆ,

ಅತ್ತೆಯ ಮೊಣಕಾಲು ನೆಟ್ಟಗಿದೆ.

ಎರಡನೇ ಮೀಟಿಂಗ್ ಆಯಿತು. ಅವಳು ಒಂಬತ್ತೂವರೆ ಅಂದಳು, ನಾನು ಹದಿಮೂರು ಅಂದೆ. ಆಮೇಲೆ ಇಬ್ಬರೂ ಇಪ್ಪತ್ತೈದು ನಿಮಿಷ ಮಾತಾಡಲಿಲ್ಲ. ಚಹಾ ಆರಿ ಕೆನೆ ಕಟ್ಟಿತು. "ಸೋಚ್‌ಕೆ ಬತಾಯಿಯೇ" ಅಂದಳು, ಯೋಚನೆ ಮಾಡಿ ಹೇಳಬೇಕಂತೆ. ಎದ್ದು ಬಂದೆ. ಲೋಕಲ್ಲಿನಲ್ಲಿ ನಿಂತಾಗ ಕೈಯಲ್ಲಿ ನಿಮ್ಮ ಕಾಗದವಿತ್ತು. ಬೆಂಡೆಕಾಯಿ ಇನ್ನೊಮ್ಮೆ ಓದಿದೆ.

ನೀಲಕಂಠಪ್ಪನವರ ರಟ್ಟಿನ ಪೆಟ್ಟಿಗೆ ಬಗ್ಗೆ ಅಷ್ಟುದ್ದ ಬರೆದಿರಿ. ನನಗೆ ಅರ್ಥವಾಯಿತು. ಪೆಟ್ಟಿಗೆ ಕಂಪನಿ ವ್ಯವಹಾರ. ರೊಟ್ಟಿ ಹೆಣ್ಣುಮಕ್ಕಳು ನೆಲದ ಮೇಲೆ ಕುಂತು ಬಡಿಯುವುದು. ಅದಕ್ಕೆ ನಿಮ್ಮ ತಂತ್ರ ಯಾಕೆ ಹಾಳು ಮಾಡಬೇಕು? ರಂಜನಾ ದಿನಾ ಸಂಜೆ ಬಂದು, "ಅಕ್ಕಾ, ಏನಾತು?" ಅಂತಾಳೆ. ಅವಳಿಗೂ ಬೆಂಡೆಕಾಯಿ ವಿಷಯ ಹೇಳಲಾ?

ಇನ್ನು ತೊಂದರೆ ಕೊಡುವುದಿಲ್ಲ.

ದಾನೇಶ್ವರಿ,
ರೊಟ್ಟಿ ಮಾಡುವಾಕೆ


(ಪೋಸ್ಟ್ ಕಾರ್ಡ್)
ಮೈಸೂರು
ಜುಲೈ 8, 2025

ದಾನೇಶ್ವರಿ,

ಮುಂದಿನ ಸಲ ನಿನ್ನ ಅತ್ತೆಯನ್ನೂ ಕರೆದುಕೊಂಡು ಹೋಗು. ಇದು ತಂತ್ರವಲ್ಲ. ಅವರಿಗೆ ಎಸಿಯಲ್ಲಿ ಕೂರುವುದು ಇಷ್ಟ.

ರಾ.


ಆಂಟಾಪ್ ಹಿಲ್
ಜುಲೈ 28, 2025

ಸರ್,

ಪೋಸ್ಟ್ ಕಾರ್ಡ್ ಬಂದು ಎರಡು ವಾರವಾಯಿತು. ಚೇಷ್ಟೆ ಮಾಡ್ಯಾರ ಅಂದುಕೊಂಡು ಜೋಳದ ಹಿಟ್ಟಿನ ಚೀಲದ ಮೇಲೆ ಎಸೆದಿದ್ದೆ. ಅದನ್ನು ಅತ್ತೆ ನಮ್ಮ ಮಗಳ ಕೈಲಿ ಓದಿಸಿದರು. ಗುರುವಾರ ಮುಂಜಾನೆ ನಾನು ಹೊರಡುವ ಹೊತ್ತಿಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. "ಮೈಸೂರು ಸಾಹೇಬ್ರು ಕರದಾರ" ಅಂದರು. ಯಾರು ಎಲ್ಲಿಗೆ ಕರೆದಿದ್ದಾರೆ ಅಂತ ಕೇಳುವ ಪುರುಸೊತ್ತಿರಲಿಲ್ಲ.

ಈ ಸಲ ಎಲ್ಲ ಮುಗಿದೇ ಹೋಗಬೇಕೆಂದು ನಿಶ್ಚಯ ಮಾಡಿ ಹೋಗಿದ್ದೆ. ನಿಖಿತಾ ಹತ್ತು ಅಂದಳು. ನಾನು ಹನ್ನೆರಡೂವರೆ ಅಂದೆ. ವಾಪಸಾತಿ ಷರತ್ತು ಬಿಡೋದಿಲ್ಲ ಅಂದಳು. ನಾನೂ ಒಪ್ಪೋದಿಲ್ಲ ಅಂದೆ. ಆಮೇಲೆ ಶುರುವಾಯಿತು. ಅವಳು ಮೇಲೆ ನೋಡಿದಳು. ನಾನೂ ಮೇಲೆ ನೋಡಿದೆ. ಅತ್ತೆ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಂತು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಹತ್ತು ನಿಮಿಷವಾಗಿರಬಹುದು.

"ಯಾಕ ಇಬ್ರೂ ಮ್ಯಾಲ ನೋಡಾಕತ್ತೀರಿ? ಹಲ್ಲಿ ಐತೇನು?" ಅಂದರು.

ನಾನು ತುಟಿ ಬಿಚ್ಚಲಿಲ್ಲ. ನಿಖಿತಾನೂ ಬಿಚ್ಚಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ.

"ಏ ತಂಗಿ, ಇಲ್ಲಿ ನೋಡು. ನಮಗ ಬಾಜೂ ಖೋಲಿ ಬೇಕು. ಆಗಸ್ಟ್ ಹದಿನೈದರೊಳಗ ಹಿಡೀಲಿಲ್ಲಂದ್ರ ಕೊರಿಯರ್‌ನವ್ರು ಹೊಕ್ತಾರ. ನಾಕು ಮಂದಿ ಹೆಣ್ಮಕ್ಕಳು ಭಾಂಡೆ ಕೆಲಸ ಬಿಟ್ಟು ಬಾಗಲಾ ಕಾಯಾಕತ್ತಾರ. ನಮ್ಮದು ಇಷ್ಟ. ಈಗ ನಿನಗೇನ ಬೇಕು, ಹೇಳು."

ಸರ್, ಮನೆಗೆ ಬೆಂಕಿ ಬಿದ್ದರೂ ಹೇಳಬಾರದು ಅಂದಿದ್ದಿರಿ. ಅತ್ತೆ ಮನೆ ನಂಬರ್ ಸಹಿತ ಹೇಳಿಬಿಟ್ಟರು. ಟೇಬಲ್ಲಿನ ಕೆಳಗೆ ಅವರ ತೊಡೆ ಚಿವುಟಿದೆ. "ಯಾಕ ಚಿವುಟತಿ? ಸುಳ್ಳು ಹೇಳೀನೇನು?" ಅಂದರು.

ನಿಖಿತಾ ಮೂರು ಮೀಟಿಂಗಿನಲ್ಲಿ ಮೊದಲ ಸಲ ಕೆಳಗೆ ನೋಡಿದಳು. ಪೆನ್ಸಿಲ್ ಟೇಬಲ್ ಮೇಲಿಟ್ಟಳು.

"ಆಜೀ, ಸಚ್ ಬೋಲೂ? ನನಗೂ ಟೆನ್ಶನ್ ಇದೆ. ಆಗಸ್ಟ್ ಹನ್ನೊಂದಕ್ಕೆ ಮೂರು ಹೊಸ ಆಫೀಸ್ ಕ್ಯಾಂಟೀನ್ ಶುರು. ಮೆನು ಛಪ್ ಗಯಾ, ಜೋಳದ ರೊಟ್ಟಿ ಅಂತ ಹಾಕಿಬಿಟ್ಟಿದ್ದೀನಿ. ನನ್ನ ಹತ್ರ ಬೇರೆ ಯಾರೂ ಇಲ್ಲ. ಆದ್ರೆ ರೋಜ್ ಎಷ್ಟು ಜನ ತಿಂತಾರೆ ಅಂತ ನನಗೇ ಗೊತ್ತಿಲ್ಲ. ಉಳಿದ್ರೆ ನನ್ನ ತಲೆ ಮೇಲೆ ಬರತ್ತೆ. ಅದಕ್ಕೇ ವಾಪಸ್ ಅಂದೆ."

ಹೇಳಿದ ಮೇಲೆ ಅವಳ ಮುಖ ಹುಡುಗಿಯ ಮುಖ ಆಯಿತು. ಊಟ ಮಾಡಿರಲಿಲ್ಲ ಅಂತ ಕಾಣುತ್ತದೆ. ಅತ್ತೆಗೆ ಅದು ಬೇಗ ತಿಳಿಯುತ್ತದೆ. ಅವರು ಅರಿವೆ ಗಂಟು ಇಲ್ಲದೆ ಹೊಸ್ತಿಲು ದಾಟುವವರಲ್ಲ. ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟರು. ನಿಖಿತಾ ಒಂದು ತುಂಡು ಕಡಿದಳು.

"ವಾ! ಎಷ್ಟು ಕ್ರಿಸ್ಪಿ! ಇವತ್ತಿಂದಾ?"

"ಇವತ್ತಿಂದ್ಯಾಕ? ಹ್ವಾದ ತಿಂಗಳದ್ದು!" ಅಂದರು ಅತ್ತೆ, ಎದೆ ಉಬ್ಬಿಸಿ.

ಅವಳ ಕೈ ಬಾಯಿ ಹತ್ತಿರ ನಿಂತುಬಿಟ್ಟಿತು. ನುಂಗಬೇಕೋ ಉಗುಳಬೇಕೋ ತಿಳಿಯದೆ ನನ್ನ ಕಡೆ ನೋಡಿದಳು. ಆರುನೂರು ರೊಟ್ಟಿ ಕಿಟಕಿಯಿಂದ ಹಾರಿ ಹೋದಂತೆ ಕಂಡಿತು ನನಗೆ. ತಡಬಡ ವಿವರಿಸಿದೆ: ಇದು ಕಡಕ್ ರೊಟ್ಟಿ, ತೆಳ್ಳಗೆ ಬಡಿದು ಹಂಚಿನ ಮೇಲೆ ಪೂರ್ತಿ ನೀರು ಆರುವತನಕ ಬಿಟ್ಟಿರುತ್ತೇವೆ, ಅರಿವೆಯಲ್ಲಿ ಕಟ್ಟಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇರುತ್ತದೆ ಅಂತ. ಅವಳು ಕೈಯಲ್ಲಿದ್ದದ್ದನ್ನು ಬಾಯಿಗೆ ಹಾಕಿಕೊಂಡು, ನಿಧಾನ ಅಗಿದು, ಒಂದು ಮಾತು ಕೇಳಿದಳು:

"ತಿಂಗಳು ಇರತ್ತೆ ಅಂದ್ರೆ ನಾನು ವಾಪಸ್ ಯಾಕೆ ಕೊಡಬೇಕು?"

ಆಗ ನಿಜವಾದ ಮೌನ ಆಯಿತು ಸರ್. ಒಂದೂವರೆ ತಿಂಗಳಿಂದ ನಾನು ಮೆತ್ತನೆ ರೊಟ್ಟಿಯ ಲೆಕ್ಕದಲ್ಲೇ ಜಗಳ ಮಾಡುತ್ತಿದ್ದೆ. ಯಾವ ರೊಟ್ಟಿ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ, ಕ್ಯಾಂಟೀನ್ ಅಂದರೆ ಬಿಸಿರೊಟ್ಟಿ ಅಂತಲೇ ಇಬ್ಬರೂ ತಿಳಿದುಕೊಂಡಿದ್ದೆವು.

ಅರ್ಧ ಗಂಟೆಯಲ್ಲಿ ಮುಗೀತು. ಇನ್ನೂರೈವತ್ತು ಮೆತ್ತನೆ ರೊಟ್ಟಿ, ಮುನ್ನೂರೈವತ್ತು ಕಡಕ್. ಮೆತ್ತನೆಯದು ಕಡಿಮೆ ಬಿದ್ದರೆ ಕಡಕ್ ಬಡಿಸುತ್ತಾರೆ, ಉಳಿದ ಕಡಕ್ ನಾಳೆಗೆ. ವಾಪಸಾತಿ ಇಲ್ಲ. ದರ ಹನ್ನೊಂದೂವರೆ. ನನ್ನ ಪರ್ಸಿನ ಚೀಟಿಯಲ್ಲಿ ಹನ್ನೊಂದು ಅಂತ ಬರೆದಿತ್ತು. ಶನಿವಾರ ಮನೀಶ್‌ಭಾಯಿಗೆ ಅಡ್ವಾನ್ಸ್ ಕೊಟ್ಟೆ. ರಂಜನಾ ಅವತ್ತೇ ಪೊರಕೆ ಹಿಡಿದು ಆ ಖೋಲಿಗೆ ಹೊಕ್ಕಿದ್ದಾಳೆ.

ಈಗ ನಿಮ್ಮ ವಿಷಯ. ಲಿಫ್ಟಿನವರೆಗೆ ಕಳಿಸಲು ಬಂದ ನಿಖಿತಾ ನಗುತ್ತ ಅಂದಳು, "ದೀದಿ, ನೀವು ಸಖತ್ ಟಫ್. ರೇಟ್ ಹೇಳಿದ್ಮೇಲೆ ಬಾಯಿ ಬಂದ್, ಫ್ಯಾನ್ ನೋಡು ಅಂತ ನನ್ನ ಸರ್ ಕಲಿಸಿದ್ರು. ನನ್ನೆದುರು ಇಷ್ಟು ಹೊತ್ತು ಯಾರೂ ಕೂತಿಲ್ಲ." ಯಾವ ಸರ್ ಅಂದೆ. ಔಷಧ ಕಂಪನಿಯಲ್ಲಿ ಟ್ರೇನಿ ಆಗಿದ್ದಾಗಿನ ಸರ್, ರಾಮಸ್ವಾಮಿ ಅಂತ ಅಂದಳು.

ಲಿಫ್ಟ್ ಬಂತು, ನಾನು ಹತ್ತಲಿಲ್ಲ. ಇನ್ನೊಂದು ಬಂತು.

ಜೂನಿನಲ್ಲೇ ಹೆಸರು ಬರೆದಿದ್ದೆ. ಪೆನ್ಸಿಲ್, ಮೇಲೆ ನೋಡುವುದು, ಎಲ್ಲ ಬರೆದಿದ್ದೆ. ನಿಮಗೆ ಅವತ್ತೇ ಗೊತ್ತಾಗಿರಬೇಕು. ನಾಲ್ಕು ಮನೆಯ ಅನ್ನದ ಪ್ರಶ್ನೆ ಇದು ಅಂತಲೂ ಗೊತ್ತಿತ್ತು. ಹಂಗಾದರ ನೀವು ಯಾರ ಕಡೆ ಇದ್ರಿ ಸರ್?

ಇದಕ್ಕೆ ಬೆಂಡೆಕಾಯಿ ಉತ್ತರ ಬಂದರೆ ನಾನು ಓದುವುದಿಲ್ಲ.

ದಾನೇಶ್ವರಿ


ಮೈಸೂರು
ಆಗಸ್ಟ್ 5, 2025

ಚಿ. ಸೌ. ದಾನೇಶ್ವರಿಗೆ,

ಮೊದಲು, ಹನುಮವ್ವನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸು. ಮೂವತ್ತೊಂದು ವರ್ಷ ನಾನು ಕಟ್ಟಿದ ಶಾಸ್ತ್ರವನ್ನು ಅವರು ಒಂದು ಹಲ್ಲಿಯಿಂದ ಕೆಡವಿದ್ದಾರೆ.

ಹೌದು, ನಿನ್ನ ಜೂನ್ ಕಾಗದ ಓದಿದ ತಕ್ಷಣ ಗೊತ್ತಾಯಿತು. ನಿಖಿತಾ ನನ್ನ ಕೊನೆಯ ಎರಡು ವರ್ಷಗಳ ಶಿಷ್ಯೆ. ಮೊದಲ ದರದಲ್ಲಿ ಅವಳು ಎಷ್ಟು ಹಿಂದಕ್ಕೆ ಹಿಡಿದಿರುತ್ತಾಳೆ, ಯಾವಾಗ ಸಡಿಲಿಸುತ್ತಾಳೆ, ಎಲ್ಲ ನನಗೆ ಗೊತ್ತು. ಕಲಿಸಿದವನೇ ನಾನು. ಅದನ್ನು ನಿನಗೆ ಬರೆದಿದ್ದರೆ, ನಂಬಿ ಕಲಿತ ಹುಡುಗಿಯನ್ನು ಮಾರಿದ ಹಾಗೆ. ಬರೆಯದಿದ್ದರೆ, ನಂಬಿ ಕೇಳಿದ ನಿನ್ನನ್ನು ನಡುನೀರಿನಲ್ಲಿ ಬಿಟ್ಟ ಹಾಗೆ. ಮೂರು ದಿನ ಬರೆದೆ, ಹರಿದೆ. ನಾಲ್ಕನೆಯ ದಿನ ಬೆಂಡೆಕಾಯಿ ಬರೆದೆ.

ಒಂದು ಸಾಲು ಸಾಕಿತ್ತು: "ಆ ಹುಡುಗಿ ನನಗೆ ಗೊತ್ತು, ಆದ್ದರಿಂದ ಈ ವಿಷಯದಲ್ಲಿ ಸಲಹೆ ಕೊಡಲಾರೆ." ಅಷ್ಟು ಬರೆದಿದ್ದರೆ ಯಾರಿಗೂ ದ್ರೋಹವಾಗುತ್ತಿರಲಿಲ್ಲ, ನೀನು ಒಂದು ತಿಂಗಳು ನೋಯುತ್ತಿರಲಿಲ್ಲ. ಮುಚ್ಚಿಡುವುದನ್ನು ಜೀವಮಾನವೆಲ್ಲ ಕಲಿಸಿದವನಿಗೆ, ಯಾವಾಗ ಮುಚ್ಚಿಡಬಾರದು ಅನ್ನುವುದು ಹೊಳೆಯಲಿಲ್ಲ. ರೊಟ್ಟಿಯನ್ನು ಕೀಳಾಗಿ ಕಂಡೆ ಎಂದು ಮಾತ್ರ ತಿಳಿಯಬೇಡ. ಹನ್ನೊಂದು ದಿನದ ಗರಿಗರಿ ರೊಟ್ಟಿ ನಿಂತು ತಿಂದವನು ನಾನು. ನಿಮ್ಮಿಬ್ಬರ ಜಗಳಕ್ಕೆ ಉತ್ತರ ನನ್ನ ಬಾಯಲ್ಲೇ ಇತ್ತು. ಅಗಿದು ನುಂಗಿದೆ, ಹೊಳೆಯಲಿಲ್ಲ.

ಇನ್ನೊಂದು ನಿಜ ಇದೆ. ಕೌಸಲ್ಯಾ ಒಬ್ಬಳಿಗೇ ಗೊತ್ತಿದ್ದದ್ದು. ಈ ಕಾಗದದ ಇನ್ನೊಂದು ಪ್ರತಿ ನಿಖಿತಾಳಿಗೂ ಹೋಗುತ್ತಿದೆ, ಅವಳಿಗೂ ತಿಳಿಯಬೇಕು.

ನೀಲಕಂಠಪ್ಪನವರು ಏಳು ರೂಪಾಯಿ ಅಂದದ್ದು ನನಗೆ ಕೇಳಿಸಿರಲಿಲ್ಲ. ನನ್ನ ಎಡಗಿವಿ ಚಿಕ್ಕಂದಿನ ಜ್ವರದಲ್ಲೇ ಹೋಗಿತ್ತು, ಬಲಗಿವಿ ಆಗಷ್ಟೇ ಮಂದವಾಗುತ್ತಿತ್ತು. ಆ ಹಾಳು ಫ್ಯಾನ್ ಅವರ ಮಾತನ್ನೆಲ್ಲ ತಿಂದುಹಾಕುತ್ತಿತ್ತು. ಅದಕ್ಕೇ ಸಿಟ್ಟಿನಿಂದ ಮೇಲೆ ನೋಡಿದೆ. ಕೇಳಿಸಲಿಲ್ಲ ಅನ್ನಲು ನಾಚಿಕೆ. ಆರು ಅಂದದ್ದು ಮಾತ್ರ ಕೇಳಿಸಿತು, ಏಕೆಂದರೆ ಅವರು ಅಷ್ಟು ಹೊತ್ತಿಗೆ ಕೂಗುತ್ತಿದ್ದರು. ಏಳು, ಆರೂವರೆ ಎಂಬ ಕಥೆ ನನಗೆ ತಿಳಿದದ್ದು ಆಮೇಲೆ ಮಾರ್ಕೆಟ್ಟಿನವರ ಬಾಯಿಂದ. ಜನ ಅದನ್ನು ತಂತ್ರ ಅಂದರು. ನಾನು ಬೇಡ ಅನ್ನಲಿಲ್ಲ. ಕಂಪನಿಯವರು ತರಬೇತಿಯಲ್ಲಿ ಪಾಠ ಮಾಡಿ ಅಂದರು, ಮಾಡಿದೆ. ಹೀಗೆ ಒಬ್ಬ ಕಿವುಡ ಇಬ್ಬರು ಬುದ್ಧಿವಂತ ಹೆಣ್ಣುಮಕ್ಕಳಿಗೆ, ಚೆನ್ನಾಗಿ ಕಿವಿ ಕೇಳುವವರಿಗೆ, ಎದುರುಬದುರು ಕೂತು ಸೂರು ನೋಡುವುದನ್ನು ಕಲಿಸಿದ.

ಫೋನ್ ಬೇಡ, ಕಾಗದ ಬರೆ ಅಂದದ್ದೂ ಅದಕ್ಕೇ. ವ್ಯವಹಾರದ ಮಾತು ಗಾಳಿಗೆ ಹೋಗುತ್ತದೆ ಎಂಬುದೆಲ್ಲ ಬರೀ ಬಡಾಯಿ. ದಾದರಿನಲ್ಲಿ ಕಿಟಕಿಗೆ ಮುಖವಿಟ್ಟು ನೀನು ಅಷ್ಟು ಆಸೆಯಿಂದ ಕೂಗಿದ್ದರಲ್ಲಿ ನನಗೆ ಒಂದು ಶಬ್ದವೂ ಮುಟ್ಟಲಿಲ್ಲ. ತಲೆ ಮಾತ್ರ ಆಡಿಸಿದೆ.

ಹನುಮವ್ವನವರ "ನಮ್ಮದು ಇಷ್ಟ, ನಿನಗೇನ ಬೇಕು" ಅನ್ನುವುದನ್ನು ಕೌಸಲ್ಯಾ ಎರಡು ಸಲ ಗಟ್ಟಿಯಾಗಿ ಓದಿ, ನನ್ನ ಕಡೆ ನೋಡಿದಳು. ಮಾರನೆಯ ದಿನ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಎಷ್ಟೊಂದು ಸದ್ದುಗಳಿವೆ! ನಮ್ಮ ಫ್ರಿಡ್ಜ್ ಗೊಣಗುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕೌಸಲ್ಯಾ ಗೊಣಗುತ್ತಾಳೆ ಎಂದೂ.

ನಿನ್ನ ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ಅವಳು ಪುಳಿಯೋಗರೆ ಗೊಜ್ಜು ತುಂಬಿ ಪಾರ್ಸೆಲ್ ಮಾಡಿದ್ದಾಳೆ. ಮುಚ್ಚಳ ನಾನೇ ಹಾಕಿದ್ದು, ಗುದ್ದಿಲ್ಲ. ತೆರೆಯಲು ಈಶ್ವರನಿಗೆ ಕೊಡಬೇಡ, ಸೌಟಿನ ಹಿಡಿ ಸಾಕು.

ಕೊನೆಯದಾಗಿ, ನಿನ್ನಿಂದ ಒಂದು ಸಣ್ಣ ಉಪಕಾರವಾಗಬೇಕು. ಹೊಸ ಖೋಲಿಯಲ್ಲಿ ಒಲೆ ಹಚ್ಚಿದ ದಿನ ನನಗೆ ಒಂದು ಫೋನ್ ಮಾಡು. ನಾನೇ ಎತ್ತುತ್ತೇನೆ. ನೀನು ಮಾತಾಡಿದ ಮೇಲೆ ಈ ಕಡೆಯಿಂದ ಏನೂ ಉತ್ತರ ಬರದಿದ್ದರೆ ಅದು ತಂತ್ರವಲ್ಲ ತಾಯಿ, ಯಂತ್ರ ಆನ್ ಮಾಡಲು ಮರೆತಿರುತ್ತೇನೆ. ಇಡಬೇಡ. ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳು.

ರಾಮಸ್ವಾಮಿ